ಮೂವತ್ತಡಿ ರಸ್ತೆ

ಮೂರನೆಯ ಏಟಿಗೆ ಗೋದಾಮಿನ ಮಾಲೀಕನ ಮೊಣಕಾಲಿನ ಚಿಪ್ಪು ಒಡೆಯಿತು.

“ಯಾರನ್ನ ಹಿಡಿದೆ? ಹೇಳು! ಯಾರ ಕೈಲಿ ಆ ಗೆರೆ ಎಳೆಸಿದೆ?” ವೆಲ್ಡರ್ ಕಬ್ಬಿಣದ ಸಲಾಕೆಯನ್ನು ಮತ್ತೆ ಎತ್ತಿದ.

“ಯಾವ ಗೆರೆ ನನ್ನಪ್ಪಾ... ನನ್ನಾಣೆಗೂ ಗೊತ್ತಿಲ್ಲ!” ಮಾಲೀಕ ಮೂಟೆಗಳ ಸಂದಿಯಲ್ಲಿ ತೆವಳುತ್ತ ಗೋಗರೆದ.

ನಾಲ್ಕನೆಯ ಏಟಿಗೆ ಆತ ಮಾತು ಬಿಟ್ಟ. ಹಮಾಲಿಗಳು ಬಾಗಿಲಲ್ಲೇ ನಿಂತಿದ್ದರು. ಒಬ್ಬನೂ ಒಳಗೆ ಕಾಲಿಡಲಿಲ್ಲ. ವೆಲ್ಡರ್ ಹೊರಗೆ ಬಂದಾಗ ತಾವಾಗಿಯೇ ದಾರಿ ಬಿಟ್ಟರು.

ಗೆರೆ ಎಲ್ಲರಿಗೂ ಕಾಣುವಂತೆ ಪುರಸಭೆಯ ಗೋಡೆಯ ಮೇಲಿತ್ತು. ಮುಂದಿನ ಇಪ್ಪತ್ತು ವರ್ಷ ಊರು ಎಲ್ಲಿ, ಹೇಗೆ ಬೆಳೆಯಬೇಕು ಎಂದು ಗೊತ್ತು ಮಾಡುವ ನಕ್ಷೆ ಅದು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಕೆರೆಯಂಚಿಗೆ ಹಸಿರು. ಆರು ತಿಂಗಳ ಹಿಂದಿನ ಕರಡಿನಲ್ಲಿ ಗೋದಾಮಿನ ಗಲ್ಲಿ ಇದ್ದ ಹಾಗೆಯೇ ಇತ್ತು. ಎಂಟಡಿ ಅಗಲ, ಎರಡು ಸೈಕಲ್ಲು ಎದುರಾದರೆ ಒಬ್ಬ ಇಳಿಯಬೇಕು. ನಿನ್ನೆ ಅಂಟಿಸಿದ ಅಂತಿಮ ನಕ್ಷೆಯಲ್ಲಿ ಅದು ಮೂವತ್ತಡಿ ರಸ್ತೆ. ಒಂದು ಬದಿಯ ಗೋದಾಮಿನ ಇಟ್ಟಿಗೆ ಕೂಡ ಅಲುಗುವುದಿಲ್ಲ. ಎದುರು ಬದಿಯಲ್ಲಿದ್ದದ್ದು ಮುಚ್ಚಿಹೋದ ಮಿಲ್ಲಿನ ಪಾಳುಗೋಡೆ, ಅದಕ್ಕೆ ಅಂಟಿಕೊಂಡ ವೆಲ್ಡರನ ಶೆಡ್ಡು, ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ. ಮನೆ ಉಳಿದರೂ ಗೋಡೆ, ಶೆಡ್ಡು ಎರಡೂ ಹೋಗುತ್ತವೆ.

ಇಪ್ಪತ್ತೆರಡು ವರ್ಷ ಕಣ್ಣು ಸುಟ್ಟುಕೊಂಡು ಕಟ್ಟಿದ್ದು. ಮಗಳು ತೀರಿಹೋದ ಮೇಲೆ ಅವನ ಪಾಲಿಗೆ ಉಳಿದಿದ್ದು ಆ ಶೆಡ್ಡು ಮತ್ತು ಹೆಂಡತಿ, ಅಷ್ಟೇ.

ಹೆಂಡತಿ ಬೆಳಿಗ್ಗೆ ತಡೆದಿದ್ದಳು. ಎರಡು ವರ್ಷದಿಂದ ಮಾತೇ ಕಡಿಮೆಯಾಗಿದ್ದವಳು ಸಲಾಕೆಯ ಇನ್ನೊಂದು ತುದಿ ಹಿಡಿದು ನಿಂತುಬಿಟ್ಟಳು.

“ಇದರಲ್ಲಿ ಗೋದಾಮಿನವರದ್ದು ಏನೂ ಇಲ್ಲರೀ. ಹೋಗಬೇಡಿ.”

“ನಿನಗೇನು ಗೊತ್ತು?”

“ಒಂದ್ನಿಮಿಷ ಕೂತ್ಕೊಳ್ಳಿ. ಹೇಳ್ತೀನಿ.”

ಕೂರುವ ವ್ಯವಧಾನ ಅವನಿಗಿರಲಿಲ್ಲ. ಸಲಾಕೆ ಕಿತ್ತುಕೊಂಡ ರಭಸಕ್ಕೆ ಅವಳ ಅಂಗೈ ಸೀಳಿತು. ಅವನು ತಿರುಗಿ ನೋಡಲಿಲ್ಲ.

ಯೋಜನಾ ಕಚೇರಿ ಪುರಸಭೆಯ ಮಹಡಿಯಲ್ಲಿತ್ತು. ಅಧಿಕಾರಿ ಐವತ್ತು ದಾಟಿದ ಸಣಕಲು ಮನುಷ್ಯ. ಉದ್ದನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಬಗ್ಗಿದ್ದ. ಪಕ್ಕದಲ್ಲಿದ್ದ ಟೈಪಿಸ್ಟ್ ಸಲಾಕೆಯ ಮೇಲಿನ ರಕ್ತ ಕಂಡು ಕಿರುಚುತ್ತ ಹೊರಗೋಡಿದಳು. ವೆಲ್ಡರ್ ಬಾಗಿಲಿನ ಚಿಲಕ ಹಾಕಿದ. ಜೇಬಿನಿಂದ ಶೆಡ್ಡು ತೆರವಿಗೆ ಬಂದಿದ್ದ ನೋಟಿಸು ತೆಗೆದು ಮೇಜಿನ ಮೇಲೆ ಎಸೆದ.

ಅಧಿಕಾರಿ ಅದರಲ್ಲಿದ್ದ ಮನೆ ನಂಬರು ಓದಿದ. ಅವನ ಮುಖ ಬಿಳಿಚಿಕೊಂಡಿತು.

“ಕರಡಿನಲ್ಲಿ ಇಲ್ಲದ್ದು ಈಗ ಹೇಗೆ ಬಂತು?”

“ಕರಡು ಹಾಕಿ ಅರವತ್ತು ದಿನ ಜನರ ಅಭಿಪ್ರಾಯ ಕೇಳಿದ್ವಿ. ನಿಮ್ಮ ಗಲ್ಲಿಯಿಂದ ಅರ್ಜಿ ಬಂತು. ಒಂದೇ ಒಂದು. ನಾನೇ ಬಂದು ಅಳೆದು ನೋಡಿದೆ. ಅರ್ಜಿ ನ್ಯಾಯವಾಗಿತ್ತು.”

“ಯಾರದು?”

ಅಧಿಕಾರಿ ಕಡತಗಳ ಕಪಾಟಿಗೆ ಅಡ್ಡ ಬಂದು ನಿಂತ. ಸಲಾಕೆ ಅವನ ಭುಜದ ಮೇಲೆ ಬಿತ್ತು. ಕನ್ನಡಕ ಹಾರಿ ಗೋಡೆಗೆ ಬಡಿಯಿತು.

“ಹೆಸರು ಬೊಗಳು!”

“ಬೇಡಪ್ಪಾ. ಆ ಹೆಸರು ಕೇಳಿದ್ರೆ ನಿನಗೆ ಮನೆಗೆ ಹೋಗೋದೇ ಕಷ್ಟ ಆಗುತ್ತೆ.”

“ನನ್ನನ್ನೇ ಹೆದರಿಸ್ತೀಯಾ?”

ಅವನ ಬಲಗೈ ಹಿಡಿದೆಳೆದು, ನಕ್ಷೆಗಳನ್ನಿಡುವ ಉಕ್ಕಿನ ಡ್ರಾಯರಿಗೆ ತುರುಕಿ, ವೆಲ್ಡರ್ ಬೂಟುಗಾಲಿನಿಂದ ಒದ್ದ. ಬೆರಳುಗಳು ಲಟಲಟನೆ ಮುರಿದವು. ಅಧಿಕಾರಿಯ ಅರಚಾಟ ಕೆಳಗಿನ ಬೀದಿಗೂ ಕೇಳಿಸಿತು. ಡ್ರಾಯರಿನ ಅಂಚಿನಿಂದ ರಕ್ತ ಒಳಗಿನ ನಕ್ಷೆಗೆ ತೊಟ್ಟಿಕ್ಕಿ ಊರಿನ ಹಳದಿ, ನೀಲಿ, ಹಸಿರುಗಳ ಮೇಲೆ ಹರಡಿತು.

“ಇನ್ನೊಂದು ಕೈ ಉಳಿದಿದೆ. ಹೇಳ್ತೀಯೋ ಇಲ್ವೋ?”

“ಹೊಡಿ,” ಅಧಿಕಾರಿ ಹಲ್ಲು ಕಚ್ಚಿಕೊಂಡು ಹೇಳಿದ. “ಅದೊಂದು ಮಾತ್ರ ಹೇಳಲ್ಲ. ಇವತ್ತು ನೀನಿರೋ ರೀತಿ ನೋಡಿದ್ರೆ ಆ ಜೀವ ಉಳಿಯಲ್ಲ.”

“ಗೋದಾಮಿನವನ ಮೇಲೆ ಅಷ್ಟೊಂದು ಪ್ರೀತಿನಾ? ಅವನ ಲೆಕ್ಕ ಮುಗಿಸಿಯೇ ಇಲ್ಲಿಗೆ ಬಂದೆ.”

ಅಧಿಕಾರಿ ತಲೆ ಎತ್ತಿದ. ನೋವಿಗಿಂತ ದೊಡ್ಡದೇನೋ ಅವನ ಕಣ್ಣಲ್ಲಿ ಬಂತು. “ಅಯ್ಯೋ ಪಾಪಿ,” ಎಂದ. “ಅವನನ್ನ ಯಾಕಯ್ಯ ಹೊಡೆದೆ?”

ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಯಾರೋ ಬಾಗಿಲಿಗೆ ಹೆಗಲು ಕೊಟ್ಟು ಗುದ್ದತೊಡಗಿದರು. ವೆಲ್ಡರ್ ಕಪಾಟಿನತ್ತ ನುಗ್ಗಿದ. ‘ಆಕ್ಷೇಪಣೆ ಮತ್ತು ಸಲಹೆ’ ಎಂದು ಬರೆದಿದ್ದ ಕಡತ ಕಣ್ಣಿಗೇ ರಾಚುತ್ತಿತ್ತು. ಹಾಳೆ ಮಗುಚಿದ. ಮಾರುಕಟ್ಟೆ, ಬಸ್ ನಿಲ್ದಾಣ, ಕೆರೆ, ಕಸಾಯಿಖಾನೆ. ಕೊನೆಗೆ ಅವರ ಗಲ್ಲಿ. ಒಂದೇ ಹಾಳೆ, ಮಕ್ಕಳು ಬರೆದಂಥ ದುಂಡಗಿನ ಅಕ್ಷರ.

‘ಮಾನ್ಯರೇ, ನಮ್ಮ ಗಲ್ಲಿಯೊಳಗೆ ಆಂಬುಲೆನ್ಸ್ ಬರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಮಗುವಿಗೆ ಉಬ್ಬಸ ಹೆಚ್ಚಾದಾಗ ಗಾಡಿ ಮುಖ್ಯರಸ್ತೆಯಲ್ಲೇ ನಿಲ್ಲಬೇಕಾಯಿತು. ಎತ್ತಿಕೊಂಡು ಓಡಿದರೂ ಗಾಡಿ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಒಳಗೆ ಇನ್ನೂ ನಲವತ್ತು ಮನೆಗಳಿವೆ, ಮಕ್ಕಳಿದ್ದಾರೆ. ದಯವಿಟ್ಟು ರಸ್ತೆ ಅಗಲ ಮಾಡಿಸಿ.’

ಸಲಾಕೆ ಅವನ ಕೈಯಿಂದ ಜಾರಿತು. ಬಾಗಿಲು ಮುರಿದುಬಿತ್ತು. ಇಬ್ಬರು ಪೊಲೀಸರು ಅವನ ರಟ್ಟೆಗಳನ್ನು ಹಿಂದಕ್ಕೆ ತಿರುಚಿದರು. ಅವನು ಕೊಸರಾಡಲಿಲ್ಲ. ಕಣ್ಣು ಮಾತ್ರ ಹಾಳೆಯ ಕೊನೆಯ ಸಾಲನ್ನು ಬಿಡಲಿಲ್ಲ.

‘ಮಿಲ್ಲಿನ ಪಾಳುಗೋಡೆ ಬಿಟ್ಟರೆ ಅಡ್ಡ ಬರುವುದು ನಮ್ಮ ವೆಲ್ಡಿಂಗ್ ಶೆಡ್ಡೊಂದೇ, ಅದನ್ನು ತೆಗೆಯಿರಿ, ನಮ್ಮ ಯಜಮಾನರನ್ನು ನಾನು ಒಪ್ಪಿಸುತ್ತೇನೆ.’