ಸ್ಟೂಲಿನ ಮೇಲಿನ ಬ್ಯಾಗು

ಐವತ್ತು ದಾಟಿದ ಆ ಮನುಷ್ಯ ಮಗನ ಸ್ಪೋರ್ಟ್ಸ್ ಬೈಕಿನಲ್ಲೇ ವೀಲಿಂಗ್ ಕಲಿಯಲು ಬಂದಿದ್ದ. ಆಕ್ಸಿಡೆಂಟ್ ಆದಮೇಲೆ ಪೊಲೀಸರು ಬಿಟ್ಟುಕೊಟ್ಟ ಬೈಕು ಎಂದಷ್ಟೇ ಹೇಳಿದ. ಕಲಿಸುವ ಅಲ್ತಾಫ್ ಮತ್ತೇನನ್ನೂ ಕೆದಕಲಿಲ್ಲ. ಹೋದ ಮಗನ ನೆನಪಿಗೆ ಜನ ಏನೇನೋ ಮಾಡುತ್ತಾರೆ ಅಂದುಕೊಂಡ.

ದಿನಾ ಬೆಳಿಗ್ಗೆ ಆತ ಖಾಲಿ ಬಡಾವಣೆಯ ರಸ್ತೆಯಂಚಿಗೆ ಒಂದು ಸ್ಟೂಲ್ ಹಾಕಿ, ಅದರ ಮೇಲೆ ಕೆಂಪು ಸ್ಕೂಲ್ ಬ್ಯಾಗು ನಿಲ್ಲಿಸುತ್ತಿದ್ದ. ಗುರುತಿಗೆ ಅನ್ನುತ್ತಿದ್ದ. ಎರಡು ಸಲ ಬಿದ್ದು ಮೊಣಕೈ ತರಚಿದರೂ ಮುಖದಲ್ಲಿ ಏನೂ ಕಾಣಲಿಲ್ಲ.

ಹದಿನೆಂಟನೇ ದಿನ ಮುಂದಿನ ಚಕ್ರ ಎದ್ದಿತು. ಬ್ಯಾಗನ್ನು ದಾಟುವವರೆಗೂ ಇಳಿಯಲಿಲ್ಲ.

"ಬಂತಲ್ಲ ಸಾರ್," ಅಂದ ಅಲ್ತಾಫ್. "ನಾನು ಹೇಳ್ದಂಗೆ ಪಕ್ಕದಿಂದ ನೋಡಿದ್ರಾ? ರಸ್ತೆ ಕಾಣ್ತಿತ್ತಾ?"

"ಕಾಣ್ತಿತ್ತು."

"ಬ್ಯಾಗು?"

"ಮೊದಲಿಂದ ಕೊನೇವರೆಗೂ."

ಆತ ಹೆಲ್ಮೆಟ್ ತೆಗೆದು, ನಡೆದು ಹೋಗಿ ಬ್ಯಾಗನ್ನು ಎತ್ತಿಕೊಂಡು ಬಂದ.

"ನಿಮ್ಮ ಮಗ ಇದ್ದಿದ್ರೆ ಖುಷಿ ಪಡ್ತಿದ್ರು ಸಾರ್."

"ಮನೇಲೇ ಇದ್ದಾನೆ," ಅಂದ ಆತ. "'ಚಕ್ರ ಎತ್ತಿದ್ದೆ, ಸ್ಕೂಲಿಗೆ ಹೋಗ್ತಿದ್ದ ಮಗು ನಾನು ಗುದ್ದೋವರೆಗೂ ಕಾಣಲೇ ಇಲ್ಲ' ಅಂತ ಅವನು ಅವರಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದ."