ಎರವಲು ಹೋದ ಪೆಟ್ಟಿಗೆ

"ನನ್ನ ಎಲೆ ಪೆಟ್ಟಿ ಸಿಕ್ಕಿತಾ ಕಣ್ಣು?"

ಬೆಳಿಗ್ಗೆ ಎಂಟು ಗಂಟೆ. ಭೂಮಿಯ ಗಂಡ ಅರವಿಂದ್ ಸತ್ತು ಹನ್ನೆರಡನೆಯ ದಿನ. ಕಾರ್ಯ ಮುಗಿಸಿ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಕೋಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಆ ಓಣಿಯಲ್ಲಿ ಪವರ್‌ಲೂಮುಗಳು ಎಂದಿನಂತೆ ಬಡಿದುಕೊಳ್ಳುತ್ತಿದ್ದವು. ಭೂಮಿ ಅಭ್ಯಾಸಬಲದಿಂದ ಮೂರು ಲೋಟ ಕಾಫಿ ಸೋಸಿ, ಒಂದನ್ನು ಬಚ್ಚಲಿಗೆ ಸುರಿದಿದ್ದಳು.

"ಇಲ್ಲ ಅತ್ತೆ."

ಸುಳ್ಳು. ಪೆಟ್ಟಿಗೆ ಅವಳ ಸೂಟ್‌ಕೇಸಿನಲ್ಲಿ, ಎಂ.ಎ. ಸರ್ಟಿಫಿಕೇಟುಗಳ ಕೆಳಗಿತ್ತು.

ಎಲ್ಲರನ್ನೂ ತಮಿಳು ಮುದ್ದಿನಲ್ಲಿ 'ಕಣ್ಣು' ಎಂದೇ ಕರೆಯುವ ಅತ್ತೆ ಅಂಗಮ್ಮ ಗೋಡೆಯ ಕಡೆ ನೋಡಿದರು. ಅಲ್ಲಿ ಹತ್ತಿ ಲಾರಿ ಓಡಿಸುತ್ತಿದ್ದು, ಟಿಬಿಯಲ್ಲಿ ಹೋದ ಮಾವನ ಫೋಟೋ, ಪಕ್ಕದಲ್ಲಿ ಗಡಿಯಾರ. ಆಮೇಲೆ ತಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು. ಅವರದು ಬೇರೆ ಲೋಟ, ಬೇರೆ ತಟ್ಟೆ. ಮೈಸೂರಿನಿಂದ ಬಂದ ಬೇರೆ ಜಾತಿಯ ಸೊಸೆ ಅವನ್ನು ತೊಳೆಯುವ ಹಾಗಿರಲಿಲ್ಲ. ಮದುವೆಯಾದ ವಾರವೇ ಹೇಳಿದ್ದರು: "ನಂದು ನಾನೇ ಪಾತ್ಕೊಳ್ತೀನಿ, ನೋಡ್ಕೊಳ್ತೀನಿ." ಒಂದೂವರೆ ವರ್ಷದಿಂದ ಭೂಮಿ ಅದನ್ನು ನುಂಗಿಕೊಂಡಿದ್ದಳು.

ಮಗನ ಹೆಣ ಅಂಗಳದಲ್ಲಿದ್ದಾಗಲೂ ಅತ್ತೆ ಪೆಟ್ಟಿಗೆ ಕೇಳಿದ್ದರು. ಅವನು ಎರವಲು ತಗೊಂಡು ಹೋಗಿದ್ದ, ಎಲ್ಲಿ, ಯಾರಾದರೂ ನೋಡಿದಿರಾ ಎಂದು. ಅವರ ತಮ್ಮ ದಂಡಪಾಣಿ ಬಸ್ಸು ಹತ್ತುವಾಗ ರೇಗಿಸಿದ್ದ: "ಏನಕ್ಕಾ, ಬಾಯಿ ಹುಣ್ಣು ಅಂತ ಎಲೆ ಬಿಟ್ಟು ಮೂರು ವರ್ಷ ಆಯ್ತು. ಪೆಟ್ಟಿ ಇಟ್ಕೊಂಡು ಪೂಜೆ ಮಾಡ್ತೀಯಾ?" ಯಾರೋ ನಕ್ಕಿದ್ದರು. ಅತ್ತೆ ನಗಲಿಲ್ಲ.

ಅವಿನಾಶಿ ರಸ್ತೆಯಲ್ಲಿ ಬೈಕಿಗೆ ಲಾರಿ ಗುದ್ದಿದ ದಿನ ಪೊಲೀಸರು ಅರವಿಂದನ ಚೀಲವನ್ನು ಭೂಮಿಯ ಕೈಗೆ ಕೊಟ್ಟಿದ್ದರು. ಚೀಲದಲ್ಲಿ ಹಿತ್ತಾಳೆಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಎಲೆಯಿಲ್ಲ, ಅಡಿಕೆಯಿಲ್ಲ. ಸೀಲು ಒಡೆಯದ ಒಂದು ಮಾತ್ರೆ ಬಾಟಲಿ. ಅದರ ಮೇಲೆ ಮೂರು ಮದ್ದುಗಳ ಹೆಸರು, ಕೋಯಮತ್ತೂರಿನ ಒಂದು ಆಸ್ಪತ್ರೆಯ ಮೊಹರು, ಪೆನ್ನಿನಲ್ಲಿ ಬರೆದ ಒಂದು ನಂಬರು, ಅದೇ ದಿನದ ತಾರೀಕು. ನೆಂಟರು ತುಂಬಿದ ಮನೆಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ.

ಇವತ್ತು ಮನೆ ಖಾಲಿ. ಒಂಬತ್ತೂವರೆಗೆ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಮೂರೂ ಹೆಸರು ಟೈಪ್ ಮಾಡಿದಳು. ಪುಟ ನಿಧಾನವಾಗಿ ತೆರೆದುಕೊಂಡಿತು. ಎಚ್‌ಐವಿ.

ಎಲ್ಲ ಕೂಡಿಬಂತು. ದಿನಾ ಬೆಳಿಗ್ಗೆ ಎಂಟಕ್ಕೆ ಅರವಿಂದ್ ತಾಯಿಯ ಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದ. ರಾತ್ರಿ ಎಂಟಕ್ಕೆ ಕೆಲಸದ ಬನಿಯನ್ ಕಂಪನಿಯಲ್ಲೇ ಉಳಿದರೆ ಫೋನು ಮಾಡಿ, "ಅಮ್ಮನಿಗೆ ಕೊಡು" ಎನ್ನುತ್ತಿದ್ದ. ಅತ್ತೆ "ಆಯ್ತು" ಎಂದಷ್ಟೇ ಹೇಳಿ ಇಡುತ್ತಿದ್ದರು. ತನ್ನ ಮೇಲಿನ ಚಾಡಿ ಎಂದುಕೊಂಡಿದ್ದಳು. ಚಾಡಿಯಲ್ಲ, ಮದ್ದಿನ ಹೊತ್ತು. ಮಗನ ರೋಗ ತಾಯಿಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ಕೊರಳಿಗೆ ತಾಳಿ ಕಟ್ಟಿಸಿದ್ದರು.

ಕೋಯಮತ್ತೂರಿನ ಆ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಳು. ಕೌನ್ಸೆಲರ್ ವೆಲ್ಲಿಂಗಿರಿ ಅವಳ ಹೆಸರು ಕೂಗಿ ಒಳಗೆ ಕರೆದರು.

"ನಿಮಗೆ ಇಲ್ಲಮ್ಮಾ. ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ನೋಡಿಬಿಡೋಣ."

ಅಳು ಬರಲಿಲ್ಲ. ಹನ್ನೆರಡು ದಿನದಿಂದಲೂ ಬಂದಿರಲಿಲ್ಲ. ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಇದು ನನ್ನ ಗಂಡನದು. ಅರವಿಂದ್. ತೀರಿಕೊಂಡರು."

ವೆಲ್ಲಿಂಗಿರಿ ನಂಬರು ನೋಡಿದರು, ರಿಜಿಸ್ಟರು ತೆರೆದರು. ಹೊತ್ತು ಹಿಡಿಯಿತು.

"ಅವರು ಪೇಷಂಟ್ ಅಲ್ಲಮ್ಮಾ. ಬೇರೊಬ್ಬರಿಗೆ ತಗೊಂಡು ಹೋಗ್ತಿದ್ರು."

"ಯಾರಿಗೆ?"

"ಅದನ್ನ ನಾನು ಹೇಳೋ ಹಾಗಿಲ್ಲ." ಬಾಟಲಿಯನ್ನು ಅವಳತ್ತ ಸರಿಸಿದರು. "ಸೀಲೇ ಒಡೆದಿಲ್ಲ. ಹನ್ನೆರಡು ದಿನ ಮದ್ದು ತಪ್ಪಿದೆ. ಹೀಗೆ ಬಿಟ್ಟರೆ ರೋಗ ಮದ್ದಿಗೆ ಬಗ್ಗೋದಿಲ್ಲ. ಹಾಗಂತ ಅವರಾಗೇ ಮತ್ತೆ ನುಂಗಲೂ ಬಾರದು. ಎಷ್ಟರಿಂದ ಶುರುಮಾಡಬೇಕು ಅಂತ ಡಾಕ್ಟರ್ ನೋಡಿ ಹೇಳಬೇಕು. ಅವರು ನಿಮಗೆ ಗೊತ್ತಿದ್ದರೆ ನಾಳೆಯೇ ಕರಕೊಂಡು ಬನ್ನಿ."

ಬಸ್ಸಿನಲ್ಲಿ ಬಾಟಲಿ ಅವಳ ಮುಷ್ಟಿಯೊಳಗೇ ಇತ್ತು. ಹಾಗಾದರೆ ಇನ್ನೊಬ್ಬಳು. ಅರವಿಂದನಿಗೆ ಇನ್ನೊಬ್ಬಳಿದ್ದಳು. ತಾಯಿ ಆ ಗುಟ್ಟಿಗೆ ಕಾವಲು. ಪೆಟ್ಟಿಗೆಗಾಗಿ ಈ ಹಪಹಪಿ, ಅವಳಿಗೆ ತಲುಪಿಸಲು. ನೀಲಂಬೂರು ದಾಟುವಾಗ ಕಿಟಕಿಯಾಚೆ ಕೈ ಚಾಚಿದಳು. ಎಸೆದರೆ ಆಯಿತು, ಆ ಹೆಂಗಸು ಎಲ್ಲಿದ್ದಾಳೋ ಅಲ್ಲೇ ಸಾಯುತ್ತಾಳೆ. ಬೆರಳು ಸಡಿಲಾಗಲಿಲ್ಲ. ಊರಿನ ಬಸ್‌ಸ್ಟಾಪಿನಲ್ಲಿ ಇಳಿದು, ಕತ್ತಲಾಗುವವರೆಗೂ ಅಲ್ಲೇ ಕೂತಿದ್ದಳು.

ಮನೆಗೆ ಬಂದಾಗ ಎಂಟಕ್ಕೆ ಐದು ನಿಮಿಷ. ಅತ್ತೆ ಗಡಿಯಾರದ ಕೆಳಗೆ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಅವರ ಲೋಟದಲ್ಲಿ ನೀರು. ಭೂಮಿ ಸೂಟ್‌ಕೇಸಿನಿಂದ ಪೆಟ್ಟಿಗೆ ತೆಗೆದು, ಬಾಟಲಿಯನ್ನು ಅದರೊಳಗಿಟ್ಟು, ಎದುರಿಗೆ ಬಂದು ನಿಂತಳು.

"ಯಾರವಳು?"

"ಯಾರು ಕಣ್ಣು?"

"ನಿಮ್ಮ ಮಗ ಯಾರಿಗೆ ಮದ್ದು ತರ್ತಿದ್ದರು? ಅವಳು ಬದುಕಬೇಕು ಅಂದ್ರೆ ನಾಳೆ ಆಸ್ಪತ್ರೆಗೆ ಬರಬೇಕಂತೆ. ಹೇಳಿ. ನಾನೇ ಕರಕೊಂಡು ಹೋಗ್ತೀನಿ."

ಅತ್ತೆಯ ಕಣ್ಣು ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಭೂಮಿ ಅದನ್ನು ನೆಲಕ್ಕೆ ಕುಕ್ಕಿದಳು.

ಗಡಿಯಾರ ಎಂಟು ಹೊಡೆಯಿತು. ಅತ್ತೆ ಪೆಟ್ಟಿಗೆ ಎಳೆದುಕೊಂಡರು. ಪಳಗಿದ ಉಗುರು ಬಾಟಲಿಯ ಸೀಲು ಕಿತ್ತಿತು. ಒಂದು ಕೈ ನೀರಿನ ಲೋಟಕ್ಕೆ ಹೋಯಿತು. ಇನ್ನೊಂದು, ಮಾತ್ರೆ ಹಿಡಿದು, ತಮ್ಮದೇ ಬಾಯಿಗೆ.

ಭೂಮಿ ಆ ಮಣಿಕಟ್ಟು ಹಿಡಿದಳು. ಸುಡುತ್ತಿತ್ತು. ಮಾತ್ರೆಯನ್ನು ಬಿಡಿಸಿ ಬಾಟಲಿಗೆ ಹಾಕಿದಳು, ಪೆಟ್ಟಿಗೆ ಮುಚ್ಚಿದಳು, ಉರುಳಲಿದ್ದ ಲೋಟಕ್ಕೆ ಕೈ ಚಾಚಿದಳು.

"ಮುಟ್ಟಬೇಡ ಕಣ್ಣು!" ಅತ್ತೆ ಲೋಟವನ್ನು ಎದೆಗವುಚಿಕೊಂಡರು. "ನಿಂಗೂ ಬಂದುಬಿಟ್ರೆ?"

"ಲೋಟದಿಂದ ಬರಲ್ಲ ಅತ್ತೆ," ಎಂದಳು ಭೂಮಿ. ಅರವಿಂದ್ ಎರವಲು ಒಯ್ದಿದ್ದ ಪೆಟ್ಟಿಗೆಯನ್ನು ಅದರ ಒಡತಿಯ ಮಡಿಲಿಗೆ ಇಟ್ಟಳು.