ಬಂದರಿನಲ್ಲಿ ನಿಂತ ಪ್ಲಿಮತ್

ಕಾರಿನ ಬಗ್ಗೆ ಏನೂ ತಿಳಿಯದವರು ಕಾರಿನ ಕಥೆ ಹೇಳಬಾರದು. ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಇರಲಿ. ಆದರೆ ಇದು ಮುಖ್ಯವಾಗಿ ಒಂದು ಸಂಖ್ಯೆಯ ಕಥೆ. ಅಷ್ಟನ್ನಾದರೂ ಸರಿಯಾಗಿ ಹೇಳಬಹುದೆಂಬ ಧೈರ್ಯ.

ಸಂಖ್ಯೆ ನಾಲ್ಕನೇ ಸಲವೂ ತಪ್ಪಿತ್ತು. ಬಂದರಿನಿಂದ ಸರಕು ಬಿಡಿಸಿಕೊಡುವ ಬೇಲಾಪುರದ ಕ್ಲಿಯರಿಂಗ್ ಆಫೀಸಿನ ಮಾಲಿಕ ಯೋಗೀಶ್, ಕಸ್ಟಮ್ಸ್‌ನಿಂದ ವಾಪಸ್ ಬಂದ ಕಾಗದವನ್ನು ಗುಮಾಸ್ತ ವಸಂತಕುಮಾರನ ಮೇಜಿನ ಮೇಲೆ ಎಸೆದರು. ಕಾರಿನ ಮೇಲೆ ಕೊರೆದ ಸಂಖ್ಯೆಗೂ ಕಾಗದದ ಸಂಖ್ಯೆಗೂ ಒಂದಂಕಿ ವ್ಯತ್ಯಾಸ. ಒಂದೇ ಅಂಕಿ.

ಅದು 2011ರ ಸೆಪ್ಟೆಂಬರ್. ಕಾರು 1948ರ ಪ್ಲಿಮತ್, ಅಮೆರಿಕದ ಯಾವುದೋ ಹಳ್ಳಿಯ ಕೊಟ್ಟಿಗೆಯಿಂದ ಹಡಗು ಹತ್ತಿ ಬಂದು ಎರಡು ತಿಂಗಳಿಂದ ನ್ಹಾವಾ ಶೇವಾ ಬಂದರಿನ ಯಾರ್ಡಿನಲ್ಲಿ ನಿಂತಿತ್ತು. 1950ಕ್ಕಿಂತ ಹಿಂದಿನದ್ದಾದರೆ ಮಾತ್ರ ಹಳೆಯ ಕಾರು ದೇಶದೊಳಕ್ಕೆ. ಅದನ್ನು ತೋರಿಸಿಕೊಡುವುದು ಆ ಸಂಖ್ಯೆ. ತರಿಸಿದವರು ಲೀಲಾಧರ, ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿ ಈಗ ಸುಮ್ಮನಿರುವ ಉಡುಪಿಯವರು.

“ಅಜ್ಜನೇ ಆಟ ಆಡ್ತಿದ್ದಾನೆ,” ಎಂದರು ಯೋಗೀಶ್. “ಬೇರೆ ಗಾಡಿಯ ನಂಬರ್ ಕೊಟ್ಟು ಹೊಸ ಗಾಡಿ ಒಳಗೆ ತರ್ತಾನೆ. ಲಫ್ಡಾ ನನ್ನ ಲೈಸನ್ಸ್‌ಗೆ.”

“ತಪ್ಪು ಅಜ್ಜನದ್ದಲ್ಲ ಸಾರ್.”

“ಮತ್ತೆ ಯಾರದ್ದು? ನಿಂದಾ?”

ವಸಂತಕುಮಾರ ಕಾಗದವನ್ನು ಎತ್ತಿ ನೇರ ಮಾಡಿಟ್ಟ. ಆ ಆಫೀಸಿನಲ್ಲಿ ಹನ್ನೊಂದು ವರ್ಷಗಳಲ್ಲಿ ಅವನ ಟೈಪಿಂಗಿನಲ್ಲಿ ತಪ್ಪು ಹುಡುಕಿದವರಿಲ್ಲ. ರಾತ್ರಿ ಕಾಲೇಜಿನಲ್ಲಿ ಓದುತ್ತ ಟೈಪಿಂಗ್‌ನಲ್ಲಿ ಮೊದಲ ದರ್ಜೆ ಪಡೆದವನು. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವ ಸ್ವಭಾವ. ಯೋಗೀಶ್ ತಮ್ಮ ಪ್ರಶ್ನೆಗೆ ತಾವೇ ನಕ್ಕುಬಿಟ್ಟರು.

ಗಡುವು ಶನಿವಾರ. ಐದನೇ ಸಲವೂ ತಪ್ಪಿದರೆ ಗಿರಾಕಿ ಮೋಸಗಾರನೆಂದು ತಾವೇ ಕಸ್ಟಮ್ಸ್‌ಗೆ ಬರೆದುಕೊಡುವುದಾಗಿ ಯೋಗೀಶ್ ಹೇಳಿದರು. ಆಮೇಲೆ ಕಾರು ಸರ್ಕಾರದ್ದು.

ಹೊಸ ಕಾಗದ ಟೈಪ್ ಮಾಡಿಕೊಂಡು ವಸಂತಕುಮಾರ ಸಂಜೆಯ ರೈಲು ಹತ್ತಿದ. ಠಾಣೆಯಲ್ಲಿ ಇಳಿದು ಇನ್ನೊಂದು ರೈಲು. ಟಿಟ್ವಾಳಾದಲ್ಲಿದ್ದ ಅವನ ಬಾಡಿಗೆ ಕೋಣೆಗೆ ಡೊಂಬಿವಲಿ ದಾರಿಯಲ್ಲೇ ಸಿಗುವುದರಿಂದ ಸಹಿ ತರುವ ಕೆಲಸ ಮೊದಲಿನಿಂದಲೂ ಅವನದ್ದೇ. ಠಾಣೆಯ ಪ್ಲಾಟ್‌ಫಾರಂನಲ್ಲಿ ಕಾಗದ ತೆಗೆದು ನೋಡಿದ. ಮಡಚಿ ಇಟ್ಟ. ಮತ್ತೆ ತೆಗೆದ.

ಮೊದಲ ಸಲದ ತಪ್ಪು ಸುಲಭವಾಗಿ ಅರ್ಥವಾಗುವಂಥದ್ದು. ಅಮೆರಿಕದಿಂದ ಬಂದ ಫ್ಯಾಕ್ಸ್‌ನಲ್ಲಿ ಸಂಖ್ಯೆ ಮಸುಕಾಗಿತ್ತು. ಲೀಲಾಧರರು ಮಾರಿದವನಿಗೆ ಫೋನ್ ಮಾಡಿ ಕೇಳಿ, ಹೋಟೆಲಿನ ಅಭ್ಯಾಸದಂತೆ ಬಿಲ್ ಚೀಟಿಯ ಹಿಂದೆ ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ಅವರ ಆರು ಒಂಬತ್ತರಂತೆ ಕಂಡಿತ್ತು. ತಿದ್ದಿದ ಕಾಗದಕ್ಕೆ ಸಹಿ ಬೇಕೆಂದು ವಸಂತಕುಮಾರ ಮೊದಲ ಬಾರಿ ಅವರ ಮನೆಗೆ ಹೋದದ್ದು ಹಾಗೆ.

ಬಾಗಿಲು ತೆರೆದ ಲೀಲಾಧರರು ಏನು, ಎತ್ತ ಎಂದು ಕೇಳುವ ಮೊದಲೇ ಒಳಗೆ ಹೋಗಿ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ತಂದಿಟ್ಟಿದ್ದರು. ಕುಂದಾಪುರದ ಮನೆ ಬಿಟ್ಟ ಮೇಲೆ ವಸಂತಕುಮಾರನ ಮುಂದೆ ಹಾಗೆ ಯಾರೂ ಬೆಲ್ಲ ಇಟ್ಟಿರಲಿಲ್ಲ.

ಕಾರು ಯಾಕೆಂದು ಎರಡನೇ ಸಲ ಹೋದಾಗ ಕೇಳಿದ್ದಕ್ಕೆ ಲೀಲಾಧರರು ಹೇಳಿದ್ದರು. ಮದುವೆಯಾಗಿ ಊರಿನಿಂದ ಹಡಗಿನಲ್ಲಿ ಬಂದ ದಿನ ಹೆಂಡತಿ ರತ್ನಾವತಿಯನ್ನು ಬಂದರಿನಿಂದ ಇಂಥದ್ದೇ ಟ್ಯಾಕ್ಸಿಯಲ್ಲಿ ಕರೆತಂದದ್ದಂತೆ. ಗಾಜು ಇಳಿಸಿ ದಾರಿಯುದ್ದಕ್ಕೂ ಕೈ ಹೊರಗಿಟ್ಟು ಕೂತಿದ್ದಳಂತೆ. ಇನ್ನೊಮ್ಮೆ ಕೂರಿಸುತ್ತೇನೆಂದು ಮಾತು ಕೊಟ್ಟಿದ್ದರು. ಕಾರು ಹುಡುಕಿ ಸಿಗುವ ಹೊತ್ತಿಗೆ ಅವಳಿರಲಿಲ್ಲ. ಮಗಳು ಪ್ರಣೀತಾ ಬೇಲಾಪುರದ ಪಕ್ಕದ ಸೀವುಡ್ಸ್‌ನಲ್ಲಿ. ತಿಂಗಳಿಗೊಮ್ಮೆ ಬರುತ್ತಾಳೆ. ಮೊಮ್ಮಗನನ್ನು ಕನ್ನಡದಲ್ಲಿ ಮಾತಾಡಿಸಿದರೆ ಹಿಂದಿಯಲ್ಲಿ ಉತ್ತರ.

ಆಮೇಲೊಂದು ಮಧ್ಯಾಹ್ನ ವಸಂತಕುಮಾರ ಯಾರಿಗೂ ಹೇಳದೆ ಯಾರ್ಡಿಗೆ ಹೋಗಿ ಕಾರನ್ನು ಮುಟ್ಟಿ ನೋಡಿ ಬಂದಿದ್ದ. ಬಾಗಿಲಿನ ಕಂಬದ ತಗಡಿನಲ್ಲಿದ್ದ ಸಂಖ್ಯೆಯನ್ನೂ ಎರಡೆರಡು ಸಲ ಓದಿದ್ದ.

“ಕಿಟಕಿ ತಿರುಗಿಸಿ ನೋಡಿದೆ ಅಣ್ಣ,” ಎಂದು ಮೂರನೇ ಸಲ ಬಂದಾಗ ಹೇಳಿದ. “ಗಾಜು ಇನ್ನೂ ಇಳೀತದೆ.”

ಲೀಲಾಧರರು ಎದ್ದು ಇನ್ನೊಂದು ತಟ್ಟೆ ತಂದಿಟ್ಟು, “ಊಟ ಮಾಡಿಕೊಂಡು ಹೋಗು ಮಾರಾಯ,” ಎಂದಿದ್ದರು.

ಇವತ್ತು ಐದನೇ ಕಾಗದ. ಎಂದಿನ ಬೆಲ್ಲ, ಎಂದಿನ ನೀರು. ಒಲೆಯ ಮೇಲೆ ಇಬ್ಬರಿಗಾಗುವಷ್ಟು ಸಾರು ಕುದಿಯುತ್ತಿತ್ತು. ವಸಂತಕುಮಾರ ಬೆಲ್ಲ ಮುಟ್ಟಲಿಲ್ಲ. ಯೋಗೀಶ್ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದ. ಶನಿವಾರದೊಳಗೆ ಆಗದಿದ್ದರೆ ಕಾರು ಹೋಯಿತು, ಹೆಸರೂ ಹೋಯಿತು.

“ಪಾಪ, ನಿನಗೂ ಎಷ್ಟು ಓಡಾಟ,” ಎಂದರು ಲೀಲಾಧರರು.

“ಓಡಾಟ ಏನಿಲ್ಲ ಅಣ್ಣ. ದಾರಿಯಲ್ಲೇ ಅಲ್ವಾ.”

ಕಾಗದವನ್ನು ಅವರ ಮುಂದಿಟ್ಟ. ನಲವತ್ತು ವರ್ಷ ಗಲ್ಲೆಯಲ್ಲಿ ಕೂತು ಮಾಣಿಗಳ ಬಿಲ್ಲಿನಲ್ಲಿ ಒಂದಂಕಿ ತಪ್ಪಿದರೂ ದೂರದಿಂದಲೇ ಹಿಡಿಯುತ್ತಿದ್ದವರು ಕನ್ನಡಕ ಹಾಕಿಕೊಂಡರು. ಸಂಖ್ಯೆಯ ಕೆಳಗೆ ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ಹಿಂದಿನ ಸಲಗಳಲ್ಲೂ ಹೀಗೆಯೇ ಓದಿ, ಏನೂ ಹೇಳದೆ ಸಹಿ ಹಾಕಿದ್ದರು. ಈ ಸಲ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು.

“ಈ ಸಲ ನೀನು ತಪ್ಪು ಹಾಕಲೇ ಇಲ್ವಾ, ವಸಂತ?”

ಮೊದಲ ಬಿಲ್ ಚೀಟಿಯ ಆ ಆರು ಲೀಲಾಧರರ ಕೈತಪ್ಪಿ ಒಂಬತ್ತಿನಂತಾದದ್ದೋ, ಬೇಕೆಂದೇ ಹಾಗೆ ಬರೆದದ್ದೋ, ಗೊತ್ತಿಲ್ಲ. ವಸಂತಕುಮಾರ ಕೇಳಲೇ ಇಲ್ಲ.